ಅಂಚೆಚೀಟಿಯಷ್ಟು ಮೇಕೆ

ಕಣ್ಣು ಕಿರಿದು ಮಾಡಿ ನೋಡಿದಳು. ಮೇಕೆ ಮೇಕೆಯ ಹಾಗೆಯೇ ಇತ್ತು. ಇನ್ನಷ್ಟು ಕಿರಿದು ಮಾಡಿ, ರೆಪ್ಪೆಗಳ ನಡುವೆ ಒಂದು ಗೆರೆಯಷ್ಟು ಬೆಳಕು ಮಾತ್ರ ಉಳಿಸಿಕೊಂಡು ನೋಡಿದಳು. ಆಗಲೂ ಮೇಕೆಯೇ. ಅದೇ ಕಷ್ಟ. ತನ್ನ ಕೈಯಾರೆ ಬರೆದದ್ದು ಮಸುಕಾದರೂ ಮೇಕೆಯೇ, ತಲೆಕೆಳಗಾದರೂ ಮೇಕೆಯೇ. ಕಣ್ಣು ಕಾಣುವ ಮೊದಲೇ ಮನಸ್ಸು ಮುಂದೆ ಓಡಿಹೋಗಿ ಕೊಂಬು, ಗಡ್ಡ, ಗೊರಸು ಎಲ್ಲವನ್ನೂ ಜೋಡಿಸಿ ಕೊಟ್ಟುಬಿಡುತ್ತದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕೆನೆಗಟ್ಟಿದ ಚಹಾ, ಪರದೆಯ ಮೇಲೆ ಒಂದೇ ಚಿತ್ರ ಬೇರೆ ಬೇರೆ ಅಳತೆಗಳಲ್ಲಿ ಸಾಲಾಗಿ ನಿಂತಿತ್ತು. ಎಲ್ಲಕ್ಕಿಂತ ದೊಡ್ಡದು ಪುಸ್ತಕದ ರಟ್ಟಿನಷ್ಟು, ಎಲ್ಲಕ್ಕಿಂತ ಚಿಕ್ಕದು ಅಂಚೆಚೀಟಿಯಷ್ಟು. ದೊಡ್ಡದನ್ನು ಬರೆಯುವುದು ಸಂತೋಷ, ಅದನ್ನು ಯಾರೂ ನೋಡುವುದಿಲ್ಲ. ಆಟ ಮಾರುವ ಅಂಗಡಿ ಇರುವುದು ಮೊಬೈಲಿನೊಳಗೆ. ಅಲ್ಲಿ ನೂರಾರು ಆಟಗಳ ನೂರಾರು ಚೀಟಿಗಳ ಮೇಲೆ ಯಾರದೋ ಹೆಬ್ಬೆರಳು ಜಾರಿಕೊಂಡು ಹೋಗುತ್ತಿರುತ್ತದೆ, ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ನಾಲ್ಕು ಜನ ಕೂತು ಕಟ್ಟಿದ ಆಟ ಈ ಚೀಟಿಯ ಹಿಂದೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು.

ಹೆಬ್ಬೆರಳು ನಿಲ್ಲುತ್ತಿಲ್ಲವೆಂದು ಬೆಳಿಗ್ಗೆಯೇ ಕ್ಯಾಪ್ಟನ್ನಿನ ಸಂದೇಶ ಬಂದಿತ್ತು. ಅವರ ಸಣ್ಣ ಕಂಪನಿಯ ಯಜಮಾನ ಅವನು, ಅವಳಿಗಿಂತ ತುಂಬಾ ಚಿಕ್ಕವನು, ಸ್ಕೂಲಿನ ಕಾಲದ ಆ ಅಡ್ಡಹೆಸರನ್ನು ಕಚೇರಿಗೂ ಹೊತ್ತುಕೊಂಡು ಬಂದಿದ್ದ. "ಅಂಗಡಿಗೆ ಹಾಕಿ ವಾರ ಆಯ್ತು. ಜನ ನೋಡ್ತಾರೆ, ಮುಂದೆ ಹೋಗ್ತಾರೆ. ಯಾರೂ ಒತ್ತುತ್ತಿಲ್ಲ. ಸಂಜೆಯೊಳಗೆ ಬೇರೆ ಚಿತ್ರ ಹಾಕೋಣ." ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೆಳಗೆ ಇನ್ನೊಂದು ಸಾಲು: "ನೀವು ಬೇಜಾರ್ ಮಾಡ್ಕೋಬೇಡಿ ಪ್ಲೀಸ್." ಬೈಗುಳವನ್ನಾದರೂ ನುಂಗಿಕೊಳ್ಳಬಹುದು, ಈ ಮೆತ್ತನೆಯ ಮಾತು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹೋದ ತಿಂಗಳು ಅವನು ಕಚೇರಿಯ ಗೋಡೆಯ ಮೇಲೆ ಬೇರೆ ಆಟಗಳ ಚೀಟಿಗಳ ಜೊತೆ ಅವಳದ್ದನ್ನೂ ಸೇರಿಸಿ ತೋರಿಸಿ, ನಮ್ಮದು ಎಲ್ಲಿದೆ ಹೇಳಿ ಎಂದಿದ್ದ. ಮಿಕ್ಕವರು ಹುಡುಕಿದರು. ಅವಳೂ ಹುಡುಕಿದಳು. ತನ್ನ ಮೇಕೆ ತನಗೇ ಒಂದು ಕ್ಷಣ ಸಿಗಲಿಲ್ಲ ಎಂಬುದನ್ನು ಬೇರೆ ಯಾರೂ ಗಮನಿಸಲಿಲ್ಲ, ಆದರೆ ಮನೆಗೆ ಬರುವವರೆಗೂ ಕಿವಿ ಬಿಸಿಯಾಗಿಯೇ ಇತ್ತು.

"ಪುಟ್ಟೀ, ಎಷ್ಟೊತ್ತಿಗೆ ಹೊರಡೋದು?" ಒಳಗಿನ ಕೋಣೆಯಿಂದ ಅಪ್ಪ ಕೂಗಿದ.

"ಇನ್ನೊಂದು ಗಂಟೆ ಅಪ್ಪ."

"ನಾನು ರೆಡಿ."

ರೆಡಿಯಾಗಿಯೇ ಇರುತ್ತಾನೆ, ಗೊತ್ತು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಮುಖದ ಮೇಲೆ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ. ಬಲಗಣ್ಣಿನ ಪೊರೆ ತೆಗೆದು ಒಂದು ವಾರವಾಗಿತ್ತು, ಇವತ್ತು ಡಾಕ್ಟರಿಗೆ ತೋರಿಸಬೇಕು. ಪರದೆ ನೋಡಬೇಡಿ, ಆಯಾಸ ಮಾಡಿಕೊಳ್ಳಬೇಡಿ ಎಂದಿದ್ದಾರೆ. ಒಂದು ವಾರದಿಂದ ಅವಳು ಅವನಿಗೆ ಏನನ್ನೂ ತೋರಿಸಿರಲಿಲ್ಲ. ಅಂಗಡಿಗೆ ಹೋದ ಮೇಕೆಯನ್ನು ಅವನು ಹೊಸ ಕಣ್ಣಿನಲ್ಲಿ ಇನ್ನೂ ನೋಡಿಲ್ಲ. ತೋರಿಸದೆ ಇರುವುದಕ್ಕೆ ಡಾಕ್ಟರ ಮಾತು ಒಂದು ನೆಪವಾಯಿತು, ಅಷ್ಟೇ. ಹೊಸ ಕಣ್ಣಿನಿಂದ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಈ ಯೋಚನೆ ತನ್ನಷ್ಟಕ್ಕೆ ತಾನೇ ಬಂದು ಎದುರು ಕುರ್ಚಿಯಲ್ಲಿ ಕೂತುಬಿಟ್ಟಿತು. ಅವಳು ಎದ್ದು ತಣ್ಣಗಾದ ಚಹಾವನ್ನು ಚೆಲ್ಲಿ ಬಂದಳು.

ಎದುರು ಕುರ್ಚಿ ಎಂದರೆ ಬಾಗಿಲ ಪಕ್ಕದ ಬೆತ್ತದ ಕುರ್ಚಿ, ಮೇಜಿನಿಂದ ಕೋಣೆಯ ಅಷ್ಟೂ ಉದ್ದ ದೂರ. ಅದನ್ನು ಅಲ್ಲಿ ಹಾಕಿದವಳು ಅವಳೇ. ಪೊರೆ ತೆಗೆಸುವುದಕ್ಕೆ ಎಷ್ಟೋ ಮುಂಚಿನ ಒಂದು ಸಂಜೆ, ಪರದೆಯ ತುಂಬ ಚಿಕ್ಕ ಚಿಕ್ಕ ಮೇಕೆಗಳನ್ನು ಹರಡಿಕೊಂಡು ಕೂತಿದ್ದಾಗ, ನೀರಿನ ಲೋಟ ಹಿಡಿದು ಹಾದುಹೋಗುತ್ತಿದ್ದ ಅಪ್ಪ ನಿಂತು, "ಏನೇ ಅದು, ಯಾರದೋ ಬನಿಯನ್ನು ಒಗೆದು ಹಾಕಿದ ಹಾಗಿದೆ" ಎಂದಿದ್ದ. ಅವಳು ತಿರುಗಿ ನೋಡಿದಳು. ಸೇತುವೆಯ ಹಗ್ಗ, ಹಗ್ಗದ ಮೇಲೆ ಬಿಳಿಯ ಮುದ್ದೆ, ಎರಡು ಕಡೆ ಇಳಿಬಿದ್ದ ಕಾಲು. ಹೌದು, ಬನಿಯನ್ನೇ. "ಇದು?" ಎಂದು ಇನ್ನೊಂದನ್ನು ತೋರಿಸಿದಳು. "ಅದು ದಿಂಬು." "ಇದು?" "ಹಲ್ಲುನೋವಿನವನು ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದಾನೆ." ಆಗ ಅವಳಿಗೆ ಎದೆ ಧಸಕ್ಕೆನ್ನಬೇಕಿತ್ತು. ಅಪ್ಪನ ಕಣ್ಣು ಇಷ್ಟು ಹೋಗಿದೆಯೇ, ಒಂದೇ ಮನೆಯಲ್ಲಿದ್ದು ತನಗೆ ತಿಳಿಯಲೇ ಇಲ್ಲವೇ ಎಂದು ಅಳು ಬರಬೇಕಿತ್ತು. ಧಸಕ್ಕೆನ್ನಲಿಲ್ಲ. ಖುಷಿಯಾಯಿತು. ಅವಸರದ ಹೆಬ್ಬೆರಳಿನವರು ಏನನ್ನು ಕಾಣುತ್ತಾರೋ ಅದನ್ನೇ ಕಾಣುವ ಒಂದು ಜೊತೆ ಕಣ್ಣು ತನ್ನ ಮನೆಯಲ್ಲೇ ಓಡಾಡಿಕೊಂಡಿದೆ ಎಂದು ಮೈ ಜುಮ್ಮೆಂದಿತು. ಆಗಿನ ಆ ಜುಮ್ಮನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮರುದಿನದಿಂದ ಬೆತ್ತದ ಕುರ್ಚಿ ಬಾಗಿಲ ಬಳಿ ಹೋಯಿತು. ತಿಂಡಿ ಮುಗಿದ ಮೇಲೆ ಅಪ್ಪನನ್ನು ಅಲ್ಲಿ ಕೂರಿಸಿ ಅವಳು ಒಂದೊಂದೇ ಚಿತ್ರ ತೋರಿಸುತ್ತಿದ್ದಳು, ಏನ್ ಕಾಣ್ಸುತ್ತೆ ಎಂದು ಕೇಳುತ್ತಿದ್ದಳು, ಅವನು ಹೇಳಿದ್ದನ್ನು ಕೇಳಿಕೊಂಡು ಹಿನ್ನೆಲೆಯನ್ನು ಕಪ್ಪಾಗಿಸುತ್ತಿದ್ದಳು, ಹಗ್ಗ ಅಳಿಸುತ್ತಿದ್ದಳು, ಕೊಂಬು ಬೆಳೆಸುತ್ತಿದ್ದಳು. ಅಪ್ಪ ಇಡೀ ಬದುಕು ಲೆಕ್ಕ ಕಲಿಸಿದವನು. ಆಟ ಭಿನ್ನರಾಶಿಯದ್ದು: ಹೊಳೆಯ ಮೇಲಿನ ಸೇತುವೆಯ ಹಲಗೆಗಳು ಮುರಿದಿವೆ, ಅರ್ಧ ಕಾಲು ಮುಕ್ಕಾಲು ತುಂಡುಗಳನ್ನು ಸರಿಯಾಗಿ ಹೊಂದಿಸಿದರೆ ಮೇಕೆ ಆಚೆ ದಡ ಸೇರುತ್ತದೆ. ಹೀಗಾಗಿ ಅಪ್ಪ ತಿಳಿದುಕೊಂಡದ್ದು ಸಹಜವೇ, ಲೆಕ್ಕದ ಮೇಷ್ಟರಾದ ತನ್ನ ಅಭಿಪ್ರಾಯವನ್ನು ಮಗಳ ಕಂಪನಿ ಕೇಳುತ್ತಿದೆ ಎಂದು. ದೂರ ಕೂರಿಸಿದ್ದು, ಅವನ ಪ್ರಕಾರ, ಪರದೆಯ ಬೆಳಕು ಚುಚ್ಚದಿರಲಿ ಎಂದು. ಅವಳು ಹಾಗೆಂದು ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಅವನು ಆ ಹೊತ್ತಿಗೆ ಗಡ್ಡ ಬೋಳಿಸಿಕೊಂಡು, ತಲೆ ಬಾಚಿಕೊಂಡು, ಅಂಗಿ ಬದಲಾಯಿಸಿ ಬಂದು ಕೂರತೊಡಗಿದ. ಪಕ್ಕದ ಮನೆಯಾತನಿಗೆ ಮೆಟ್ಟಿಲ ಬಳಿ ಹೇಳುತ್ತಿದ್ದುದನ್ನು ಅವಳೇ ಕೇಳಿಸಿಕೊಂಡಳು: "ಬೆಳಿಗ್ಗೆ ಬಿಡುವಿಲ್ಲ ಮಾರಾಯ್ರೆ, ಮಗಳ ಕಂಪನಿಗೆ ಸ್ವಲ್ಪ ಸಲಹೆ ಗಿಲಹೆ ಕೊಡ್ತಾ ಇದೀನಿ." ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಆತ ಮನೆಯೊಳಗೆ ಹೋಗುವವರೆಗೂ ಹೊರಗೆ ಬರಲಿಲ್ಲ.

ಸಲಹೆಯನ್ನೇನೋ ಕೊಡುತ್ತಿದ್ದ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. "ಇದರಲ್ಲಿ ಲೆಕ್ಕ ಎಲ್ಲೇ ಇದೆ?" ಎಂದು ಒಮ್ಮೆ ಕೇಳಿದ. ಲೆಕ್ಕ ಕಾಣಿಸಬಾರದು ಎಂದು ಕ್ಯಾಪ್ಟನ್ ಹೇಳಿದ್ದನ್ನು ಅವಳು ಹೇಳಿದಳು. ಲೆಕ್ಕ ಅಂತ ಗೊತ್ತಾದರೆ ಮಕ್ಕಳು ಓಡಿಹೋಗುತ್ತವೆ, ಲೆಕ್ಕ ಅಂತ ಗೊತ್ತಾಗದಿದ್ದರೆ ಅಪ್ಪ ಅಮ್ಮ ದುಡ್ಡು ಬಿಚ್ಚುವುದಿಲ್ಲ, ಅದಕ್ಕೇ ಅರ್ಧ ಕಾಣಬೇಕು ಅರ್ಧ ಮುಚ್ಚಿರಬೇಕು. "ಅಂದ್ರೆ ಮಗುಗೆ ಒಂದು ಹೇಳೋದು, ಮಗೂನ ಅಪ್ಪಂಗೆ ಇನ್ನೊಂದು ಹೇಳೋದು," ಎಂದ ಅಪ್ಪ. "ವ್ಯಾಪಾರ ಅಪ್ಪ." "ಸರಿ, ವ್ಯಾಪಾರ." ಇನ್ನೊಂದು ದಿನ ಮೇಕೆಯ ಬಾಯಿಯ ವಿಷಯ ತೆಗೆದ. ಆ ಹೊತ್ತಿಗೆ ಮೇಕೆ ಅವನಿಗೆ ಮೇಕೆಯಾಗಿ ಕಾಣತೊಡಗಿತ್ತು, ಬಾಯಿ ತೆರೆದು ನಗುತ್ತಾ ಹಾರುವ ಮೇಕೆ. ಕಸುಬಿನ ಪಾಠವೇ ಅದು: ಚೀಟಿಯಲ್ಲಿ ಒಂದೇ ಜೀವ ಇರಬೇಕು, ಅದರ ಮುಖ ನಗುತ್ತಿರಬೇಕು. "ಮುಂದೆ ಹಲಗೆ ಇಲ್ಲ, ಕೆಳಗೆ ಹೊಳೆ ಅಂತೀಯ, ಅದು ಯಾಕೆ ನಗ್ತಿದೆ?" ಎಂದ ಅಪ್ಪ. "ಹಲಗೆ ಇಲ್ಲದ ಕಡೆ ನಿಂತು ನಗೋವ್ರಿಗೆ ಲೆಕ್ಕ ಯಾಕೆ ಬೇಕು?" ಅವಳು ಹೂಂಗುಟ್ಟಿದಳು. ಅವಳಿಗೆ ಬೇಕಾದದ್ದು ಅವನಿಗೆ ಬಾಯಿ ಕಂಡಿತೇ ಇಲ್ಲವೇ ಎಂಬುದು ಮಾತ್ರ. ಕಂಡಿತ್ತು. ಅಷ್ಟು ಸಾಕಾಗಿತ್ತು. ಬಾಯಿಯ ಬಗ್ಗೆ ಅವನು ಏನು ಹೇಳಿದನೆಂಬುದು ಇವತ್ತು ಬೆಳಿಗ್ಗೆ ಕ್ಯಾಪ್ಟನ್ನಿನ ಸಂದೇಶ ಓದಿದ ಮೇಲೆಯೇ ನೆನಪಾದದ್ದು. ಆಮೇಲೆ ಒಂದೇ ಉಸಿರಿಗೆ ಕೂತು ಹೊಸ ಮೇಕೆಯನ್ನು ಬರೆದಿದ್ದಳು: ಬಾಯಿ ಮುಚ್ಚಿದೆ, ಕಿವಿ ಹಿಂದಕ್ಕೆ ಹೋಗಿದೆ, ಒಂದು ಮುಂಗಾಲು ಖಾಲಿ ಜಾಗದ ಮೇಲೆ ಎತ್ತಿ ನಿಂತಿದೆ.

"ಒಂದು ಗಂಟೆ ಆಯ್ತು," ಎಂದು ಅಪ್ಪ ಬಾಗಿಲಲ್ಲಿ ನಿಂತಿದ್ದ. ಆಗಿರಲಿಲ್ಲ. ಅವಳು ಲ್ಯಾಪ್‌ಟಾಪು ಮುಚ್ಚಿದಳು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು ಕಂಡಕಂಡದ್ದನ್ನೆಲ್ಲ ಓದುತ್ತಾ ಹೋದ. ಔಷಧಿ ಅಂಗಡಿ. ಇಲ್ಲಿ ಗಾಡಿ ನಿಲ್ಲಿಸಬಾರದು. ಬೀಗದ ಕೈ ಮಾಡಿಕೊಡಲಾಗುತ್ತದೆ. ಪಕ್ಕದ ಕಾರಿನ ನಂಬರು, ಅದರ ಅಂಕಿಗಳ ಮೊತ್ತ, ಮೊತ್ತ ಮೂರರಿಂದ ಭಾಗವಾಗುತ್ತದೋ ಇಲ್ಲವೋ. ಒಂದು ವಾರದಿಂದ ಇದೇ ನಡೆದಿತ್ತು. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನೂ ಬಿಟ್ಟಿರಲಿಲ್ಲ. "ನಿನ್ನ ತಲೆಯಲ್ಲಿ ಇಷ್ಟು ಬಿಳಿ ಕೂದಲಿದೆ ಅಂತ ಗೊತ್ತೇ ಇರ್ಲಿಲ್ಲ ಕಣೆ," ಎಂದು ಮೊನ್ನೆ ಹೇಳಿದಾಗ ಇಬ್ಬರೂ ನಕ್ಕಿದ್ದರು. ಈಗ ಅವನು ಬೋರ್ಡುಗಳನ್ನು ಓದುವಾಗ ಮುಂದಿನ ಸೀಟಿನ ಹೆಂಗಸು ಹಿಂತಿರುಗಿ ನೋಡಿ ಮುಗುಳ್ನಕ್ಕಳು. ಇವಳೂ ನಕ್ಕಳು. ಅಪ್ಪನ ಕೈ ಎದುರಿನ ಕಂಬಿಯನ್ನು ಹಿಡಿದಿತ್ತು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹಬ್ಬಿದ ಕಲೆ ಇನ್ನೂ ಎಳೆಗೆಂಪಾಗಿ ಹೊಳೆಯುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿದಳು, ಆದರೆ ಕಿಟಕಿಯಾಚೆ ನೋಡಬೇಕಾದರೆ ಆ ಕೈಯನ್ನು ದಾಟಿಯೇ ನೋಡಬೇಕಿತ್ತು.

ಆಸ್ಪತ್ರೆಯವರು ಆಪರೇಷನ್ನಿಗೆ ಮೊದಲ ತಾರೀಕು ಕೊಟ್ಟಾಗ ಮೇಕೆ ಇನ್ನೂ ದಿಂಬಾಗಿತ್ತು. ಫೋನು ಅವಳ ಮೊಬೈಲಿಗೇ ಬಂದದ್ದು. ಸ್ವಲ್ಪ ಮುಂದಕ್ಕೆ ಹಾಕಲು ಆಗುತ್ತದೆಯೇ, ನನಗೆ ಕೆಲಸ ಇದೆ ಎಂದಳು. ಸುಳ್ಳಲ್ಲ. ಅಪ್ಪನಿಗೆ ಮಾತ್ರ, ಡಾಕ್ಟರು ರಜದ ಮೇಲಿದ್ದಾರಂತೆ ಎಂದಳು. ಎರಡನೆಯ ಸಲ ಫೋನು ಬಂದಾಗ ಮೇಕೆಗೆ ಕೊಂಬು ಬಂದಿತ್ತು, ಇನ್ನೊಂದಿಷ್ಟು ದಿನ ಸಿಕ್ಕರೆ ಮುಗಿಯುತ್ತದೆ ಎನಿಸಿತು. ಡಾಕ್ಟರ ರಜವನ್ನು ಬೆಳೆಸಿದಳು. "ಪಾಪ, ಅವ್ರಿಗೂ ವಿಶ್ರಾಂತಿ ಬೇಡ್ವಾ," ಎಂದಿದ್ದ ಅಪ್ಪ. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಅವಳಿಗೆ ತೊಂದರೆ ಯಾಕೆಂದು ತಾನೇ ಚಹಾ ಬಗ್ಗಿಸಿಕೊಳ್ಳಲು ಹೋಗಿ, ಲೋಟವೆಲ್ಲಿ ಕೈಯೆಲ್ಲಿ ಎಂದು ತಿಳಿಯದೆ ಕುದಿಯುವುದನ್ನು ಕೈಯ ಮೇಲೆ ಸುರಿದುಕೊಂಡ. ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದವನನ್ನು ಅವಳೇ ಹೋಗಿ ನೋಡಿದ್ದು. ಮುಲಾಮು ಹಚ್ಚಿದಳು, ಬಟ್ಟೆ ಸುತ್ತಿದಳು, ಬೈದಳು, ಬೈಯುತ್ತಾ ಅತ್ತಳು. ಮರುದಿನ ಬೆಳಿಗ್ಗೆ ಅವನು ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಬಂದು ಕೂತಾಗ, ಇವತ್ತು ಬೇಡ ಅಪ್ಪ ಎನ್ನಬೇಕೆಂದುಕೊಂಡಳು. ನಾಲಿಗೆಯ ತುದಿಯವರೆಗೂ ಬಂದಿತ್ತು. ಏನ್ ಕಾಣ್ಸುತ್ತೆ ಎಂದು ಕೇಳಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಎಲ್ಲರೂ ಮೆಲ್ಲಗೆ ಓಡಾಡುತ್ತಾರೆ. ಕಪ್ಪು ಕನ್ನಡಕದವರ ಸಾಲು, ಪಕ್ಕದಲ್ಲಿ ಅವರನ್ನು ಕರೆತಂದವರ ಸಾಲು. ಕರೆತಂದವರೆಲ್ಲ ಮೊಬೈಲು ನೋಡುತ್ತಿದ್ದರು. ಒಬ್ಬ ಹುಡುಗಿಯ ಹೆಬ್ಬೆರಳು ಸರಸರನೆ ಜಾರುತ್ತಿರುವುದನ್ನು ಅವಳು ನೋಡುತ್ತಾ ಕೂತಳು. ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ? ಎಲ್ಲಿಯೂ ನಿಲ್ಲಲಿಲ್ಲ. ಒಳಗೆ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮೇಲೆ ದೊಡ್ಡವು, ಕೆಳಕೆಳಗೆ ಹೋದಂತೆ ಚಿಕ್ಕವು, ಅವಳ ಪರದೆಯ ಮೇಲಿನ ಸಾಲಿನ ಹಾಗೆಯೇ. ಅಪ್ಪ ಬಲಗಣ್ಣಿನಲ್ಲಿ ಕೊನೆಯ ಸಾಲನ್ನೂ ಓದಿ ಮುಗಿಸಿ, "ಕೆಳಗೆ ಅಚ್ಚು ಹಾಕಿದವರ ವಿಳಾಸಾನೂ ಇದೆ, ಓದ್ಲಾ?" ಎಂದ. ಡಾಕ್ಟರು ನಕ್ಕರು. ಎಡಗಣ್ಣಿನಲ್ಲಿ ಮೊದಲ ಸಾಲಿಗೇ ತಡವರಿಸಿದ. "ಇದನ್ನೂ ಬೇಗ ಮಾಡಿಬಿಡೋಣ," ಎಂದರು ಡಾಕ್ಟರು. "ಬಲಗಡೇದು ತುಂಬಾ ಗಟ್ಟಿಯಾಗಿಬಿಟ್ಟಿತ್ತು, ತೆಗೆಯೋದು ಕಷ್ಟ ಆಯ್ತು. ಇನ್ನೂ ತಡ ಮಾಡಿದ್ರೆ ಕಣ್ಣಿಗೇ ತೊಂದರೆ ಆಗ್ತಿತ್ತು. ಅದೃಷ್ಟ. ಎಲ್ಲಾ ಸಲ ಇರಲ್ಲ." ಅವಳು ತಲೆಯಾಡಿಸಿದಳು. ಎಲ್ಲವನ್ನೂ ಒಪ್ಪಿಕೊಳ್ಳುವವಳ ಹಾಗೆ ಎರಡೆರಡು ಸಲ ಆಡಿಸಿದಳು.

ಹೊರಗಿನ ಮೇಜಿನ ಹುಡುಗಿ ತಾರೀಕು ನೋಡುತ್ತಿದ್ದವಳು ತಲೆಯೆತ್ತಿದಳು. ಒಳ್ಳೆಯ ಮುಖ, ದಿನವಿಡೀ ಮುದುಕರ ಜೊತೆ ಮಾತಾಡಿ ಜೋರಾಗಿಯೇ ಮಾತಾಡುವ ಅಭ್ಯಾಸ. "ಗುರುವಾರ ಒಂದು ಖಾಲಿ ಇದೆ, ಬರೀಲಾ? ಈ ಸಲ ಮುಂದಕ್ಕೆ ಹಾಕಿಸ್ಬೇಡಿ ಮೇಡಂ. ಹಿಂದೆ ಎರಡು ಸಲ ನಿಮಗೆ ಕೆಲಸ ಇದೆ ಅಂತ ಹಾಕಿಸಿದ್ರಲ್ಲ, ಆಮೇಲೆ ಡಾಕ್ಟರು ನನ್ನನ್ನ ಬೈತಾರೆ."

ಅವಳು ಚೀಲದ ಝಿಪ್ಪನ್ನು ಎಳೆದಳು. ಅದು ಮೊದಲೇ ಮುಚ್ಚಿತ್ತು.

"ಡಾಕ್ಟರು ರಜದಲ್ಲಿದ್ರು ಅಲ್ವಾ ಆವಾಗ?" ಎಂದ ಅಪ್ಪ.

"ಎಲ್ಲಿ ರಜ ಸರ್. ಅವರು ರಜ ತಗೊಂಡಿದ್ದು ನಾನು ನೋಡೇ ಇಲ್ಲ," ಎಂದು ಹುಡುಗಿ ನಕ್ಕಳು.

ಅಪ್ಪನ ಮುಖದಲ್ಲಿ ಏನಾಯಿತೆಂದು ಅವಳು ನೋಡಿದಳು. ಕಪ್ಪು ಕನ್ನಡಕದಲ್ಲಿ ಟ್ಯೂಬ್‌ಲೈಟು ಕಂಡಿತು, ಅದರ ಕೆಳಗೆ ಚಿಕ್ಕದಾಗಿ ಅವಳದೇ ಮುಖ. "ನಾಳೆ ಬೆಳಿಗ್ಗೆ ಫೋನ್ ಮಾಡಿ ಹೇಳ್ತೀವಮ್ಮ," ಎಂದು ಅಪ್ಪ ಹುಡುಗಿಗೆ ಹೇಳಿದ. ಹೇಳ್ತೀವಿ ಎಂಬ ಆ ಬಹುವಚನ ಯಾವಾಗಲೂ ಇದ್ದದ್ದೇ. ಮೆಟ್ಟಿಲು ಇಳಿಯುವಾಗ ಅವಳು ಎಂದಿನಂತೆ ಅವನ ತೋಳು ಹಿಡಿಯಲು ಕೈ ಚಾಚಿದಳು. ಅವನು ಕೊಸರಿಕೊಳ್ಳಲಿಲ್ಲ. ಮೆಟ್ಟಿಲುಗಳನ್ನು ತಾನೇ ಸರಿಯಾಗಿ ಕಂಡು ಇಳಿದ.

ವಾಪಸು ಬರುವಾಗ ಅಪ್ಪ ಒಂದೂ ಬೋರ್ಡು ಓದಲಿಲ್ಲ. ಅವೇ ಬೀದಿಗಳು, ಅದೇ ಔಷಧಿ ಅಂಗಡಿ, ಅದೇ ಬೀಗದ ಕೈ. ಹೇಳಿಬಿಡಬೇಕು ಎಂದುಕೊಂಡಳು. ಎಲ್ಲಿಂದ ಶುರುಮಾಡುವುದು? ನನಗೆ ಕೆಲಸ ಇತ್ತು ಅಪ್ಪ, ಬಿಡುವಿರಲಿಲ್ಲ ಎಂದರೆ ಅವನು ನಂಬುತ್ತಾನೆ, ಕ್ಷಮಿಸಿಯೂ ಬಿಡುತ್ತಾನೆ. ಬಿಡುವಿಲ್ಲದ ಮಗಳು ಯಾವ ಮನೆಯಲ್ಲಿಲ್ಲ? ಅದನ್ನೇ ಹೇಳಿ ಬಚಾವಾಗಬಹುದು ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಹೇಸಿಗೆಯ ಜೊತೆಗೆ ಒಂದಿಷ್ಟು ನೆಮ್ಮದಿಯೂ ಆಯಿತು. ಚಿಕ್ಕವಳಿದ್ದಾಗ ಅಡಿಗೆಮನೆಯ ಮೇಜಿನ ಮೇಲೆ ಅಪ್ಪ ಅವಳಿಗೆ ಇದೇ ಭಿನ್ನರಾಶಿ ಕಲಿಸಿದ್ದು. ಅರ್ಧಕ್ಕೆ ಮೂರನೇ ಒಂದು ಸೇರಿಸು ಎಂದರೆ ಅವಳು ಥಟ್ಟನೆ ಐದನೇ ಎರಡು ಎನ್ನುತ್ತಿದ್ದಳು. ಬೇರೆ ಮಕ್ಕಳ ಅಪ್ಪಂದಿರು ಹೊಡೆಯುತ್ತಿದ್ದರು. ಇವನು ಹೊಡೆಯಲಿಲ್ಲ, ತಪ್ಪು ಎನ್ನಲೂ ಇಲ್ಲ. "ಅವಸರ ಇಲ್ಲ. ಯೋಚ್ನೆ ಮಾಡಿ ಹೇಳು," ಎಂದು ಕೈಕಟ್ಟಿ ಕೂತುಬಿಡುತ್ತಿದ್ದ. ಅನ್ನ ಬೇಯುತ್ತಿತ್ತು, ಅಮ್ಮ ಆಗ ಇದ್ದಳು, ಪಾತ್ರೆ ಸದ್ದು ಮಾಡದೆ ಓಡಾಡುತ್ತಿದ್ದಳು. ಇವಳು ಯೋಚಿಸುತ್ತಿರಲಿಲ್ಲ, ಅವನ ಮುಖ ನೋಡುತ್ತಾ ಕೂತಿರುತ್ತಿದ್ದಳು. ಆ ಕಾಯುವಿಕೆಗಿಂತ ಏಟು ಎಷ್ಟೋ ವಾಸಿ ಎನಿಸುತ್ತಿತ್ತು. ಇಳಿಯುವ ಜಾಗ ಬಂದದ್ದನ್ನು ಅಪ್ಪನೇ ನೋಡಿ ಎದ್ದ.

ಊಟ ಮುಗಿಯಿತು. ಅಪ್ಪ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ. ಸ್ವಲ್ಪ ಮಲಗುತ್ತೇನೆ ಎನ್ನುವ ಹೊತ್ತು ಅದು, ಎನ್ನಲಿಲ್ಲ. ಅವಳು ಲ್ಯಾಪ್‌ಟಾಪು ತೆರೆದಳು. ಕ್ಯಾಪ್ಟನ್ ಎರಡು ಸಲ ಕೇಳಿದ್ದ. ಬೆಳಿಗ್ಗೆ ಬರೆದ ಮೇಕೆ ಹಾಗೆಯೇ ಕಾಲೆತ್ತಿ ನಿಂತಿತ್ತು. ದೊಡ್ಡ ಅಳತೆಯಲ್ಲಿ ಚೆನ್ನಾಗಿತ್ತು, ಅವಳು ಬಹಳ ದಿನಗಳಿಂದ ಬರೆದುದರಲ್ಲೇ ಚೆನ್ನಾಗಿತ್ತು. ಚಿಕ್ಕದರಲ್ಲಿ? ಆ ಎತ್ತಿದ ಕಾಲು, ಹಿಂದಕ್ಕೆ ಹೋದ ಕಿವಿ, ಇವು ಉಗುರಿನಷ್ಟು ಜಾಗದಲ್ಲಿ ಉಳಿಯುತ್ತವೆಯೇ, ಅಥವಾ ಇನ್ನೊಂದು ಬನಿಯನ್ನೇ? ಕಣ್ಣು ಕಿರಿದು ಮಾಡಿದಳು. ಮೇಕೆ. ಎದ್ದು ದೂರ ಹೋಗಿ ನೋಡಿದಳು. ಮೇಕೆ. ಯಾರನ್ನು ಕೇಳುವುದು? ಕೇಳಬೇಕಾದವರು ಯಾರೆಂದು ಗೊತ್ತಿತ್ತು, ಕೇಳುವ ಬಾಯಿ ಇರಲಿಲ್ಲ. ಬೆತ್ತ ಕಿರುಗುಟ್ಟಿದ ಸದ್ದಾಯಿತು. ಅಪ್ಪ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

"ಸಂಜೆಯೊಳಗೆ ಕಳಿಸ್ಬೇಕು ಅಂತಿದ್ಯಲ್ಲ," ಎಂದ. "ತೋರ್ಸು."

"ಪರದೆ ನೋಡ್ಬಾರ್ದು ನೀನು."

"ಇವತ್ತಿಂದ ನೋಡ್ಬಹುದು ಅಂದ್ರಲ್ಲ. ನೀನು ಕೇಳಿಸ್ಕೊಳ್ಲಿಲ್ವಾ."

ಕೇಳಿಸಿಕೊಂಡಿರಲಿಲ್ಲ. ಅವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಪರದೆಯ ನಡುವೆ ಚಿಕ್ಕ ಚೀಟಿ ಮಾತ್ರ ಬಿಟ್ಟಳು. ಅಪ್ಪ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ. ಬಲಗಣ್ಣು ಸ್ವಲ್ಪ ಕೆಂಪಗಿತ್ತು, ತೊಳೆದಿಟ್ಟ ಗಾಜಿನ ಹಾಗೆ ಹೊಳೆಯುತ್ತಿತ್ತು. ಎಡಗಣ್ಣು ಬೂದು ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಎರಡೂ ಹೀಗೇ ಇದ್ದವು, ಅವಳು ದಿನಾ ನೋಡುತ್ತಿದ್ದಳು, ನೋಡಿಯೂ ಇರಲಿಲ್ಲ.

"ಚೆನ್ನಾಗಿದೆ," ಎಂದ ಅಪ್ಪ ಬಹಳ ಹೊತ್ತು ನೋಡಿ. "ಹಲಗೆ ಮೇಲೆ ಅರ್ಧ ಅಂತ ಬರ್ದಿದೀಯ, ಮುಂದಿಂದು ಮುಕ್ಕಾಲು. ಮರದ ಗೀಟೂ ಕಾಣ್ತಿದೆ. ಗಡ್ಡದಲ್ಲಿ ಒಂದು ಕೂದಲು ಕಂದು. ನಗ್ತಾ ಇಲ್ಲ ಈಗ."

"ನೀನು ಹೇಳಿದ್ದೆಯಲ್ಲ."

"ಹೇಳಿದ್ದೆ." ಆಮೇಲೆ ಸಾಧಾರಣ ದನಿಯಲ್ಲಿ, ಅಂಗಡಿಯಿಂದ ಏನು ತರಬೇಕೆಂದು ಕೇಳುವವನ ಹಾಗೆ ಹೇಳಿದ: "ಆದ್ರೆ ಇದು ನಿನ್ನ ಕೆಲಸಕ್ಕೆ ಬರೋ ಕಣ್ಣಲ್ಲ, ಅಲ್ವಾ?"

ಅಪ್ಪ ಬಲಗೈಯನ್ನು, ಕಲೆಯಿದ್ದ ಕೈಯನ್ನು, ಎತ್ತಿ ಅಂಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡ. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ, ಒತ್ತದೆ, ಬೆರಳು ಸೇರಿಸಿ. ಬೂದು ಕಣ್ಣು ಮಾತ್ರ ಉಳಿಯಿತು. ಅದು ಅವಳನ್ನೂ ಪರದೆಯನ್ನೂ ಸೇರಿಸಿ ಎಲ್ಲೋ ನಡುವೆ ನೋಡುತ್ತಿತ್ತು. "ಹೂಂ. ಈಗ ಕೇಳು," ಎಂದ.

ಅವಳು ಎದ್ದು ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಬೇಕಿತ್ತು. ಪರದೆಯನ್ನು ಮುಚ್ಚಬೇಕಿತ್ತು. ಅಪ್ಪಾ ಎಂದು ಕರೆದರೂ ಸಾಕಿತ್ತು. ದಿನಾ ಬೆಳಿಗ್ಗೆ ಕೇಳಿ ಕೇಳಿ ರೂಢಿಯಾದ ಬಾಯಿ ತನ್ನಷ್ಟಕ್ಕೆ ಕೇಳಿಬಿಟ್ಟಿತು.

"ಏನ್ ಕಾಣ್ಸುತ್ತೆ?"

ಅಪ್ಪ ಕತ್ತನ್ನು ಮುಂದಕ್ಕೆ ಚಾಚಿದ. ಪ್ರಾಮಾಣಿಕವಾಗಿ ಪ್ರಯತ್ನಪಟ್ಟ. ಅದು ಅವಳಿಗೆ ಕಾಣುತ್ತಿತ್ತು. ಊಹೆಯಿಂದ ಹೇಳಬಾರದು, ನೆನಪಿನಿಂದ ಹೇಳಬಾರದು, ಕಂಡದ್ದನ್ನಷ್ಟೇ ಹೇಳಬೇಕು ಎಂಬ ಹಾಗೆ ತುಟಿಯನ್ನು ಬಿಗಿಹಿಡಿದಿದ್ದ. ಅವಳು ಉಸಿರಾಡದೆ ಕಾಯುತ್ತಿದ್ದಳು.

"ಮೇಕೆ," ಎಂದ. ಮತ್ತೆ ಸ್ವಲ್ಪ ತಡೆದು, "ಮುಂದಿನ ಹೆಜ್ಜೆ ಎಲ್ಲಿಡ್ಬೇಕು ಅಂತ ಗೊತ್ತಾಗ್ತಿಲ್ಲ ಅದಕ್ಕೆ. ಹೆದರ್ಕೊಂಡಿದೆ."

ಆ ಕ್ಷಣ ಅವಳ ಮೈ ಜುಮ್ಮೆಂದಿತು. ಅವತ್ತಿನದೇ ಜುಮ್ಮು, ಒಂದಿಷ್ಟೂ ಕಡಿಮೆಯಿಲ್ಲ. ಬಂತು, ಚೀಟಿಯಲ್ಲಿ ಬಂತು, ಕ್ಯಾಪ್ಟನ್ನಿಗೆ ಈಗಲೇ ಕಳಿಸಬಹುದು ಎಂದು ಕೈ ಆಗಲೇ ಕೀಲಿಗಳ ಮೇಲೆ ಹೋಗಿತ್ತು. ಹೋದ ಕೈಯನ್ನು ನೋಡಿದಳು. ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು. ಅಪ್ಪನಿಗೆ ಈ ದೂರದಿಂದ ಆ ಕಣ್ಣಿನಲ್ಲಿ ತನ್ನ ಕೈ ಹೋದದ್ದು ಕಂಡಿರಲಾರದು ಎಂದು ಮೊದಲು ಅನಿಸಿತು. ಯಾಕೆ ಹಾಗೆ ಅನಿಸಿತು ಎಂದು ಆಮೇಲೆ ಹೊಳೆದು, ಕುತ್ತಿಗೆಯವರೆಗೂ ನಾಚಿಕೆ ಏರಿತು.

"ಇನ್ನೂ ಚಿತ್ರ ಬರೆಯೋದು ಇರುತ್ತಲ್ಲ ನಿಂಗೆ," ಎಂದ ಅಪ್ಪ. ದನಿಯಲ್ಲಿ ಕೋಪವಿರಲಿಲ್ಲ. ಹುಡುಕಿದಳು, ಇರಲಿಲ್ಲ. "ಈ ಆಟ ಆದ್ಮೇಲೆ ಇನ್ನೊಂದು ಅಂತಾನೆ ನಿಮ್ಮ ಕ್ಯಾಪ್ಟನ್ನು. ಓದೋದಕ್ಕೆ, ರಸ್ತೆ ದಾಟೋದಕ್ಕೆ ನಂಗೆ ಒಂದು ಕಣ್ಣು ಸಾಕು. ಆ ಹುಡುಗಿ ಗುರುವಾರ ಅಂತಾಳೆ. ಇದನ್ನ ಇನ್ನೊಂದಷ್ಟು ದಿನ ಹೀಗೇ ಇಟ್ಕೊಂಡಿರ್ಲಾ?"

"ಬೇಡ ಅಪ್ಪ."

ಥಟ್ಟನೆ ಹೇಳಿದ್ದಳು. ಅಡಿಗೆಮನೆಯ ಮೇಜಿನಲ್ಲಿ ಐದನೇ ಎರಡು ಎಂದಷ್ಟೇ ಬೇಗ ಹೇಳಿದ್ದು ಅವಳ ಕಿವಿಗೂ ಬಿತ್ತು. ಅಪ್ಪ ಕೈ ಇಳಿಸಲಿಲ್ಲ. ಇನ್ನೊಂದು ಕೈಯಿಂದ ಮಡಿಲಲ್ಲಿದ್ದ ಕನ್ನಡಕವನ್ನು ಜಾರದಂತೆ ಸರಿಪಡಿಸಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು, ಆರಾಮವಾಗಿ ಕೂತ.

"ಅವಸರ ಇಲ್ಲ," ಎಂದ. "ಯೋಚ್ನೆ ಮಾಡಿ ಹೇಳು."